ತಂಗಿಯ ಮಗು ನಿಮ್ಮ ಮನೆಗೆ ಬಂದಾಗ ಖರ್ಚು ಯಾರದು?

(ಬಂಧುಗಳ ಮಕ್ಕಳನ್ನು ಸಾಕುತ್ತಿರುವ ಕುಟುಂಬಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ದುಡ್ಡಿನದು. ಮಗಳ ಮಗುವನ್ನೋ ತಮ್ಮನ ಮಕ್ಕಳನ್ನೋ ಕರೆತಂದು ಸಾಕುತ್ತಿರುವವರನ್ನು ಜನ ಬಾಯ್ತುಂಬ ಹೊಗಳುತ್ತಾರೆ. ಹೊಗಳಲಿ, ತಪ್ಪೇನಿಲ್ಲ. ಆದರೆ ತಿಂಗಳ ಕೊನೆಗೆ ಅವರ ಮನೆ ಹೇಗೆ ನಡೆಯುತ್ತಿದೆ ಅಂತ ಕೇಳುವವರು ಕಡಿಮೆ. ಅವರೂ ಹೇಳಿಕೊಳ್ಳುವುದಿಲ್ಲ. 'ಒಡಹುಟ್ಟಿದವಳ ಮಗುವಿಗೂ ಲೆಕ್ಕ ಇಡುತ್ತಾಳಲ್ಲ' ಎಂಬ ಮಾತು ಬಂದೀತು ಎಂದು ಹೆದರುತ್ತಾರೆ. ಈ ಹೆದರಿಕೆಯಿಂದಲೇ ಎಷ್ಟೋ ಮನೆಗಳು ತಮಗೆ ಸಿಗಬೇಕಾದ ನೆರವನ್ನು ಕೇಳದೆ ಉಳಿದಿವೆ.

ಹೆತ್ತವರಿಗೆ ತಯಾರಾಗಲು ತಿಂಗಳುಗಳು ಇರುತ್ತವೆ. ಬಂಧುವಿನ ಮಗು ಬರುವುದು ಒಂದು ಫೋನ್ ಕರೆಯ ಮೇಲೆ. ಅಪಘಾತ, ಕಾಯಿಲೆ, ಜೈಲು, ಕುಡಿತ, ಮನೆಯೊಳಗಿನ ಹೊಡೆದಾಟ, ಕಾರಣ ಯಾವುದಾದರೂ ಇರಬಹುದು. ಅವತ್ತು ರಾತ್ರಿಗೇ ಹಾಸಿಗೆ ಬೇಕು, ಬಟ್ಟೆ ಬೇಕು. ವಾರದೊಳಗೆ ಶಾಲೆ ಬದಲಾಯಿಸಬೇಕು. ಸಣ್ಣ ಮಗುವಾದರೆ ಮನೆಯಲ್ಲಿ ಒಬ್ಬರು ಕೆಲಸ ಬಿಡಬೇಕು, ಇಲ್ಲವೇ ಕೆಲಸದ ಹೊತ್ತು ಕಡಿಮೆ ಮಾಡಿಕೊಳ್ಳಬೇಕು. ಅಂದರೆ ಖರ್ಚು ಏರುವ ತಿಂಗಳಲ್ಲೇ ಆದಾಯ ಇಳಿಯುತ್ತದೆ. ಸಾಕುವವರು ಅಜ್ಜ ಅಜ್ಜಿಯಾದರೆ ಇನ್ನೂ ಕಷ್ಟ. ಮುಪ್ಪಿಗೆ ಅಂತ ಇಟ್ಟುಕೊಂಡಿದ್ದ ಉಳಿತಾಯವೇ ಮೊದಲು ಕರಗುತ್ತದೆ. ಅದನ್ನು ಮತ್ತೆ ದುಡಿದು ತುಂಬಿಸುವ ವಯಸ್ಸು ಅವರದಲ್ಲ.

ಮಗು ತನ್ನ ನೋವನ್ನೂ ಹೊತ್ತು ತರುತ್ತದೆ. ರಾತ್ರಿ ಕಿರುಚಿಕೊಂಡು ಏಳುವ ಮಗುವಿಗೆ, ಆರು ತಿಂಗಳಿಂದ ಓದು ಬಿಟ್ಟ ಮಗುವಿಗೆ, ಮಾತೇ ನಿಲ್ಲಿಸಿಬಿಟ್ಟ ಮಗುವಿಗೆ ಡಾಕ್ಟರು ಬೇಕು, ಕೌನ್ಸೆಲಿಂಗ್ ಬೇಕು. ಆಸ್ಪತ್ರೆಯಲ್ಲೋ ಜೈಲಿನಲ್ಲೋ ಇರುವ ಅಮ್ಮನನ್ನು ನೋಡಲು ಕರೆದುಕೊಂಡು ಹೋಗಬೇಕು. ಕೋರ್ಟಿಗೆ ಓಡಾಡಬೇಕು. ಇವು ಯಾವುದೂ ಸಾಮಾನ್ಯ ಮನೆಯ ಖರ್ಚಿನ ಪಟ್ಟಿಯಲ್ಲಿ ಇರುವುದಿಲ್ಲ, ಅಲ್ವಾ?

ಹಾಗಾದರೆ ಸರ್ಕಾರಗಳು ಏನು ಮಾಡಿವೆ? ಇಲ್ಲಿ ಒಂದು ಹಳೇ ರೋಗವಿದೆ. ಗುರುತಿಲ್ಲದವರ ಮನೆಯಲ್ಲಿ ಮಗುವನ್ನು ಇಟ್ಟರೆ ಪೂರ್ತಿ ಭತ್ಯೆ. ಸ್ವಂತ ಅಕ್ಕನ ಮನೆಯಲ್ಲಿ ಇಟ್ಟರೆ ಕಡಿಮೆ, ಇಲ್ಲವೇ ಏನೂ ಇಲ್ಲ. 'ಬಂಧುಗಳು ಹೇಗೂ ಸಾಕುತ್ತಾರೆ' ಅನ್ನುವುದು ಲೆಕ್ಕಾಚಾರ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಇದು ಕಣ್ಣಿಗೆ ಕಾಣುವ ಅಂಕಿಗಳಲ್ಲೇ ಇತ್ತು. ನಾಲ್ಕು ಮಕ್ಕಳನ್ನು ತಾಯಿಯ ಮನೆಯಿಂದ ಬಿಡಿಸಿ ರಾಜ್ಯ ತನ್ನ ವಶಕ್ಕೆ ತೆಗೆದುಕೊಂಡಿತ್ತು. 1972ರಲ್ಲಿ ಅವರಲ್ಲಿ ಇಬ್ಬರನ್ನು ಮದುವೆಯಾಗಿದ್ದ ಅಕ್ಕನ ಮನೆಗೆ ಕಳಿಸಿತು. ಹೊರಗಿನವರು ಸಾಕಿದ್ದರೆ ತಿಂಗಳಿಗೆ ಒಂದು ಮಗುವಿಗೆ 105 ಡಾಲರ್. ಅಕ್ಕ ಸಾಕಿದ್ದರಿಂದ 63 ಡಾಲರ್. ಅಷ್ಟರಲ್ಲಿ ಉಳಿದ ಇಬ್ಬರನ್ನೂ ಸಾಕುವುದು ಸಾಧ್ಯವಿಲ್ಲ ಎಂದು ಅಕ್ಕ ಭಾವ ಅವರನ್ನು ಕರೆತರಲಿಲ್ಲ. ಒಡಹುಟ್ಟಿದವರು ಬೇರೆ ಬೇರೆ ಮನೆಗಳಲ್ಲಿ ಉಳಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 'ಮಿಲ್ಲರ್ ವಿರುದ್ಧ ಯುವಾಕಿಮ್' ಎಂದು ಅದರ ಹೆಸರು. 1979ರಲ್ಲಿ ತೀರ್ಪು ಬಂತು, ಬರೆದವರು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್. ಕೇಂದ್ರದ ಫಾಸ್ಟರ್ ಕೇರ್ (ಸರ್ಕಾರ ವಶಕ್ಕೆ ಪಡೆದ ಮಗುವನ್ನು ಬೇರೊಂದು ಮನೆಯಲ್ಲಿ ಇಟ್ಟು ಸಾಕಿಸುವ ವ್ಯವಸ್ಥೆ) ಹಣಕ್ಕೆ ಅರ್ಹವಾದ ಮಗುವನ್ನು ಬಂಧು ಸಾಕುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಆ ಹಣ ತಪ್ಪಿಸುವಂತಿಲ್ಲ ಎಂದು ಕೋರ್ಟ್ ಹೇಳಿತು.

ಇಂಗ್ಲೆಂಡಿನಲ್ಲೂ ಇದೇ ಕಥೆ. 2001ರಲ್ಲಿ ಮ್ಯಾಂಚೆಸ್ಟರ್ ನಗರ ಕೌನ್ಸಿಲ್ ಬಂಧು ಫಾಸ್ಟರ್ ಪಾಲಕರಿಗೆ ಉಳಿದವರಿಗಿಂತ ತೀರಾ ಕಡಿಮೆ ಕೊಡುತ್ತಿದ್ದುದನ್ನು ಹೈಕೋರ್ಟ್ ಕಾನೂನುಬಾಹಿರ ಎಂದಿತು. ಮತ್ತೆ ಅಮೆರಿಕಕ್ಕೆ ಬಂದರೆ, ಮೊದಲ ತೀರ್ಪಿನ 38 ವರ್ಷಗಳ ನಂತರ, 2017ರಲ್ಲಿ, ಕೆಂಟಕಿಯಲ್ಲಿ ಇಬ್ಬರು ಹುಡುಗರನ್ನು ಸಾಕುತ್ತಿದ್ದ ದೊಡ್ಡತ್ತೆಯೊಬ್ಬರು ಇದೇ ನ್ಯಾಯಕ್ಕೆ ಮತ್ತೆ ಕೋರ್ಟಿಗೆ ಹೋಗಬೇಕಾಯಿತು. ಅವರೂ ಗೆದ್ದರು. ನಾನು ಇದನ್ನೆಲ್ಲ ಹೇಳುತ್ತಿರುವುದು ಒಂದು ಕಾರಣಕ್ಕೆ. ನೀವು ನೆರವು ಕೇಳಿದಾಗ ಕಚೇರಿಯಲ್ಲಿ ಯಾರಾದರೂ 'ನಿಮ್ಮದೇ ಮಗು ತಾನೇ' ಅಂದರೆ ತಲೆ ತಗ್ಗಿಸಬೇಡಿ. ಆ ವಾದವನ್ನು ದೊಡ್ಡ ದೊಡ್ಡ ಕೋರ್ಟುಗಳು ತೂಗಿ ನೋಡಿ ತಳ್ಳಿಹಾಕಿವೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನೆರವು ಸಿಗುತ್ತದೋ ಇಲ್ಲವೋ ಎಂಬುದು ಹೆಚ್ಚಿನ ಕಡೆ ನೀವು ಎಷ್ಟು ಬಡವರು ಎಂಬುದಕ್ಕಿಂತ ಜಾಸ್ತಿ ಮಗು ನಿಮ್ಮ ಮನೆಗೆ ಹೇಗೆ ಬಂತು ಎಂಬುದರ ಮೇಲೆ ನಿಂತಿದೆ. ಮನೆಯವರೇ ಮಾತಾಡಿಕೊಂಡು ಕರೆತಂದರೆ ಅದು ಖಾಸಗಿ ಏರ್ಪಾಡು. ಮಕ್ಕಳ ರಕ್ಷಣೆ ನೋಡಿಕೊಳ್ಳುವ ಸರ್ಕಾರಿ ಇಲಾಖೆಯೇ ಮಗುವನ್ನು ನಿಮ್ಮ ಕೈಗೆ ಕೊಟ್ಟರೆ ಜವಾಬ್ದಾರಿಯಲ್ಲಿ ಇಲಾಖೆಗೂ ಪಾಲಿದೆ. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಮಗು, ಮನೆ, ಚಿಕ್ಕಮ್ಮ ಎಲ್ಲ ಅದೇ. ಆದರೆ ಮುಂದಿನ ಹತ್ತು ವರ್ಷದ ಹಣದ ಹಾದಿ ಆ ಮೊದಲ ದಿನವೇ ಬೇರೆಯಾಗಿಬಿಡುತ್ತದೆ.

ಇದನ್ನು ತುಂಬ ಚೆನ್ನಾಗಿ ತೋರಿಸುವ ಒಂದು ಪ್ರಕರಣ ಲಂಡನ್ನಿನ ಸದಕ್‌ನದು, 2007ರದ್ದು. ಒಬ್ಬಳು ಹುಡುಗಿ ಅಪ್ಪನ ಮೇಲೆ ಹಿಂಸೆಯ ದೂರು ಹೇಳಿದ್ದಳು. ಅವಳನ್ನು ಅವತ್ತು ಮನೆಗೆ ಕಳಿಸುವ ಹಾಗಿರಲಿಲ್ಲ. ಸೋಶಿಯಲ್ ವರ್ಕರ್ ಅಪ್ಪನ ಹಳೆಯ ಗೆಳತಿಯನ್ನು ಸಂಪರ್ಕಿಸಿ ಮಗುವನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು. ಆಕೆ ಒಪ್ಪಿದರು. ಆಮೇಲೆ ಹಣದ ಮಾತು ಬಂದಾಗ ಕೌನ್ಸಿಲ್, ಇದು ಕುಟುಂಬದವರ ಖಾಸಗಿ ಏರ್ಪಾಡು, ನಮಗೆ ಸಂಬಂಧವಿಲ್ಲ ಎಂದಿತು. ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಏರ್ಪಾಡಿನಲ್ಲಿ ಇಲಾಖೆ ಮುಖ್ಯ ಪಾತ್ರ ವಹಿಸಿದ್ದರೆ ಅದು ತನ್ನ ಕಾನೂನಿನ ಕರ್ತವ್ಯವನ್ನೇ ಮಾಡುತ್ತಿದೆ ಎಂದು ತಿಳಿಯಬೇಕಾಗುತ್ತದೆ. ಖಾಸಗಿ ಎಂದು ಹೇಳಬೇಕಿದ್ದರೆ 'ಖರ್ಚಿಗೆ ನೀವು ಮಗುವಿನ ಹೆತ್ತವರನ್ನೇ ಕೇಳಬೇಕು' ಎಂದು ಮೊದಲೇ ಸ್ಪಷ್ಟವಾಗಿ ತಿಳಿಸಿ ಒಪ್ಪಿಗೆ ಪಡೆದಿರಬೇಕು. ಕೋರ್ಟಿನ ನಿಲುವು ಹೀಗಿತ್ತು. ಇಲ್ಲಿ ಆಕೆ ರಕ್ತಸಂಬಂಧಿಯೂ ಅಲ್ಲ ಎಂಬುದನ್ನು ಗಮನಿಸಿ.

ಆದ್ದರಿಂದ, ಫೋನ್ ಬಂದಾಗ ಮಗುವನ್ನು ಕರೆತನ್ನಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಫೋನಿನಲ್ಲಿ ಕೇಳಿ: ಈ ಮಗುವನ್ನು ನನ್ನ ಬಳಿ ಇಡುತ್ತಿರುವುದು ಯಾರು, ಇಲಾಖೆಯೋ ಹೆತ್ತವರೋ? ನಾನು ಬೇಡ ಅಂದರೆ ಮಗು ಎಲ್ಲಿಗೆ ಹೋಗುತ್ತದೆ? ಖರ್ಚಿಗೆ ಏನು ನೆರವು ಇದೆ, ಅದಕ್ಕೆ ಯಾರಿಗೆ ಅರ್ಜಿ ಕೊಡಬೇಕು? ಎರಡನೇ ಪ್ರಶ್ನೆಯ ಮೇಲೆ ಸ್ವಲ್ಪ ನಿಲ್ಲೋಣ. 'ಸರ್ಕಾರಿ ಆಶ್ರಯಕ್ಕೆ' ಎಂಬ ಉತ್ತರ ಬಂದರೆ, ಇಲಾಖೆ ಹೊರಬೇಕಿದ್ದ ಭಾರವನ್ನು ನೀವು ಹೊರುತ್ತಿದ್ದೀರಿ ಎಂದರ್ಥ. ಉತ್ತರ ಕೊಟ್ಟವರ ಹೆಸರು, ಹುದ್ದೆ, ದಿನಾಂಕ, ಹೊತ್ತು ಬರೆದಿಡಿ. ಮಾರನೇ ದಿನ 'ನಿನ್ನೆ ನಮ್ಮ ನಡುವೆ ಹೀಗೆ ಮಾತಾಯಿತು' ಎಂದು ಒಂದು ಮೆಸೇಜೋ ಪತ್ರವೋ ಕಳಿಸಿ. ಇದು ಜಗಳ ಮಾಡಲು ಅಲ್ಲ. ಎರಡು ವರ್ಷದ ನಂತರ ಆ ಅಧಿಕಾರಿ ವರ್ಗವಾಗಿ ಹೋಗಿರುತ್ತಾರೆ, ಕಡತದಲ್ಲಿ ಇರುವ ಕಾಗದ ಮಾತ್ರ ಉಳಿದಿರುತ್ತದೆ.

ಕಾಗದದ ದಾರಿ ತುಂಬ ಇಕ್ಕಟ್ಟಾದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕಾವನ್ನು ನೋಡಬೇಕು. ಅಲ್ಲಿ 1998ರಿಂದ ಮಕ್ಕಳ ನೆರವು ಭತ್ಯೆ ಇದೆ. ಮಗುವನ್ನು ನಿಜವಾಗಿ ನೋಡಿಕೊಳ್ಳುತ್ತಿರುವವರಿಗೆ ಅದು ಸಿಗುತ್ತದೆ, ಅಜ್ಜಿಗೂ ಸಿಗುತ್ತದೆ. ಆದರೆ ಮೊತ್ತ ಸಣ್ಣದು. ಫಾಸ್ಟರ್ ಭತ್ಯೆ ಅದರ ಎರಡರಷ್ಟಕ್ಕಿಂತ ಜಾಸ್ತಿ. ಅದಕ್ಕೆ ಸೋಶಿಯಲ್ ವರ್ಕರ್ ವರದಿ ಬೇಕು, ಮಕ್ಕಳ ನ್ಯಾಯಾಲಯದ ಆದೇಶ ಬೇಕು, ಆ ಆದೇಶವನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಎಚ್‌ಐವಿ ಲಕ್ಷಾಂತರ ಮಕ್ಕಳನ್ನು ತಬ್ಬಲಿ ಮಾಡಿದಾಗ ಅವರನ್ನು ಸಾಕಿದ್ದು ಅಜ್ಜಿಯರು, ಚಿಕ್ಕಮ್ಮಂದಿರು. ಅವರೆಲ್ಲ ಫಾಸ್ಟರ್ ಭತ್ಯೆಗೆ ಅರ್ಜಿ ಹಾಕಿದರು. ಹಾಕಬೇಕಾದದ್ದೇ. ಆದರೆ ಅಷ್ಟು ಮಕ್ಕಳಿಗೆ ಬೇಕಾದಷ್ಟು ಸೋಶಿಯಲ್ ವರ್ಕರ್‌ಗಳು ಇರಲಿಲ್ಲ. ನವೀಕರಣ ಆಗದೆ ಆದೇಶಗಳ ಅವಧಿ ಮುಗಿಯಿತು, ಸಾವಿರಾರು ಮಕ್ಕಳ ಹಣ ನಿಂತಿತು. 2011ರಲ್ಲಿ ಪ್ರಿಟೋರಿಯಾದ ಹೈಕೋರ್ಟ್ ಮಧ್ಯೆ ಬಂದು ಆದೇಶಗಳ ಅವಧಿಯನ್ನು ವಿಸ್ತರಿಸಬೇಕಾಯಿತು. ಅದೊಂದೇ ಸಲ ಅಲ್ಲ, ಆಮೇಲೂ ಮತ್ತೆ ಮತ್ತೆ ವಿಸ್ತರಿಸಬೇಕಾಯಿತು.

ಇಲ್ಲಿ ಯೋಚಿಸಬೇಕಾದದ್ದು ಏನೆಂದರೆ, ಹೆಚ್ಚಿನ ಆ ಅಜ್ಜಿಯರಿಗೆ ಬೇಕಿದ್ದದ್ದು ದುಡ್ಡು. ಮಗು ಅವರ ಬಳಿ ಸುರಕ್ಷಿತವಾಗಿಯೇ ಇತ್ತು. ಕೋರ್ಟಿನ ಕಣ್ಗಾವಲು ಬೇಕಿದ್ದ, ಹಿಂಸೆಗೆ ಸಿಕ್ಕಿದ ಮಕ್ಕಳು ಬೇರೆ ಇದ್ದರು. ಇಬ್ಬರನ್ನೂ ಒಂದೇ ಬಾಗಿಲಲ್ಲಿ ನಿಲ್ಲಿಸಿದ್ದರಿಂದ ಇಬ್ಬರಿಗೂ ತಡವಾಯಿತು. ಕೊನೆಗೆ 2022ರಲ್ಲಿ ಸರಳ ದಾರಿ ತೆರೆದರು. ಬಂಧುಗಳ ಜತೆ ಇರುವ ತಬ್ಬಲಿ ಮಗುವಿಗೆ ಫಾಸ್ಟರ್ ಆದೇಶ ಇಲ್ಲದೆಯೇ, ಮಾಮೂಲಿ ಭತ್ಯೆ 480 ರ‍್ಯಾಂಡ್ ಮೇಲೆ ಅದರ ಅರ್ಧ, ಅಂದರೆ ಇನ್ನೂ 240 ಸೇರಿಸಿ 720 ರ‍್ಯಾಂಡ್. ಫಾಸ್ಟರ್ ಭತ್ಯೆ ಆಗ 1,070 ಇತ್ತು. ಮೊತ್ತ ಕಡಿಮೆಯಾಯಿತು ಎಂಬ ಟೀಕೆಯನ್ನು ನಾನು ಒಪ್ಪುತ್ತೇನೆ. ಆದರೂ ಕೋರ್ಟಿಗೆ ಹೋಗದೆ ಸಿಗುವ ಹಣಕ್ಕೆ ಬೇರೆಯೇ ಬೆಲೆ ಇದೆ. ಇಂಥ ದಾರಿ ಎಲ್ಲ ದೇಶಗಳಲ್ಲೂ ಇರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ನ್ಯೂಜಿಲೆಂಡಿನಲ್ಲಿ ಎರಡು ಭತ್ಯೆಗಳಿವೆ. ಒಂದು ತಬ್ಬಲಿ ಮಗುವಿಗೆ, ಇನ್ನೊಂದು ಹೆತ್ತವರಿದ್ದೂ ಅವರು ನೋಡಿಕೊಳ್ಳಲಾಗದ ಮಗುವಿಗೆ. ಸಾಕುವವರ ಆದಾಯ ಎಷ್ಟು ಎಂದು ಅಲ್ಲಿ ಕೇಳುವುದಿಲ್ಲ. ಮೊದಲು ಕನಿಷ್ಠ 12 ತಿಂಗಳು ಸಾಕುವ ಸಂಭವ ಇದ್ದರೆ ಮಾತ್ರ ಕೊಡುತ್ತಿದ್ದರು. 2021ರಲ್ಲಿ ಆ ಷರತ್ತು ತೆಗೆದರು. ಅದೇ ವರ್ಷದಿಂದ ಹುಟ್ಟುಹಬ್ಬಕ್ಕೆಂದು ಬೇರೆ ಹಣವನ್ನೂ ಈ ಮನೆಗಳಿಗೆ ಕೊಡಲು ಶುರು ಮಾಡಿದರು. ಫಾಸ್ಟರ್ ಮಕ್ಕಳಿಗೆ ಅದು ಮೊದಲೇ ಇತ್ತು. ನನಗೆ ಈ ಸಣ್ಣ ಸಂಗತಿ ತುಂಬ ಹಿಡಿಸಿತು. ಹುಟ್ಟುಹಬ್ಬ ಎಲ್ಲ ಮಕ್ಕಳಿಗೂ ಬರುತ್ತದೆ ಎಂದು ಒಂದು ಇಲಾಖೆ ನೆನಪಿಟ್ಟುಕೊಂಡಿದೆಯಲ್ಲ.

ಭಾರತದಲ್ಲಿ ಏನಿದೆ? ಬಾಲ ನ್ಯಾಯ ಕಾಯ್ದೆ 2015ರ 45ನೇ ಸೆಕ್ಷನ್ ಪ್ರಾಯೋಜಕತ್ವದ ಬಗ್ಗೆ, ಅಂದರೆ ಮಗುವಿನ ಖರ್ಚಿಗೆ ಕುಟುಂಬಕ್ಕೆ ಕೊಡುವ ನೆರವಿನ ಬಗ್ಗೆ ಹೇಳುತ್ತದೆ. ಯಾರಿಗೆಲ್ಲ ಕೊಡಬಹುದು ಎಂಬ ಪಟ್ಟಿಯಲ್ಲಿ 'ಬಂಧುಗಳ ಕುಟುಂಬದ ಜತೆ ಇರುವ ತಬ್ಬಲಿ ಮಕ್ಕಳು' ಸ್ಪಷ್ಟವಾಗಿ ಇದ್ದಾರೆ. ವಿಧವೆ ತಾಯಿಯ ಮಕ್ಕಳು, ಹೆತ್ತವರಿಗೆ ಪ್ರಾಣಕ್ಕೆ ಅಪಾಯದ ಕಾಯಿಲೆ ಇರುವ ಮಕ್ಕಳು, ಅಪಘಾತದಿಂದ ಹೆತ್ತವರು ದುಡಿಯಲಾಗದ ಸ್ಥಿತಿಗೆ ಬಂದಿರುವ ಮಕ್ಕಳೂ ಇದ್ದಾರೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿ ಪ್ರಕಾರ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದ ಕಡೆ 96,000 ರೂಪಾಯಿ ಮೀರಬಾರದು ಎಂಬ ಮಿತಿ ಇದೆ. ತಂದೆತಾಯಿ ಇಬ್ಬರೂ ಇಲ್ಲದ ಮಗುವಿಗೂ ಈ ಮಿತಿ ಹಾಕುತ್ತಾರಾ ಎಂದು ಮರೆಯದೆ ಕೇಳಿ. ಅರ್ಜಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆಯೂ ಹೇಳಬಹುದು. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ರಾಜ್ಯಗಳದ್ದೂ ಯೋಜನೆಗಳಿವೆ. ರಾಜಸ್ಥಾನದ ಪಾಲನಹಾರ್ ಯೋಜನೆ 2005ರಲ್ಲಿ ಪರಿಶಿಷ್ಟ ಜಾತಿಯ ತಬ್ಬಲಿ ಮಕ್ಕಳಿಗಾಗಿ ಶುರುವಾಗಿ ಆಮೇಲೆ ಎಲ್ಲರಿಗೂ ಹರಡಿತು. ಅಲ್ಲಿ ಹಣ ಹೋಗುವುದು ಮಗುವನ್ನು ಸಾಕುತ್ತಿರುವ ಬಂಧುವಿನ ಕೈಗೆ. ಮಗು ಅಂಗನವಾಡಿಗೋ ಶಾಲೆಗೋ ಹೋಗುತ್ತಿರಬೇಕು ಎಂಬುದು ಒಂದು ಷರತ್ತು, ಸಾಕುವವರ ಆದಾಯಕ್ಕೂ ಮಿತಿ ಇದೆ.

ಆದಾಯ ಮಿತಿಯ ಬಗ್ಗೆ ನನ್ನ ಅಭಿಪ್ರಾಯ ಹೇಳಲೇಬೇಕು. ಮಗುವನ್ನು ಸಾಕುವ ಕಾನೂನಿನ ಹೊಣೆ ಹೆತ್ತವರದು. ಸೋದರಮಾವನಿಗೆ ಆ ಹೊಣೆ ಇಲ್ಲ, ಆತ ಒಳ್ಳೆಯತನದಿಂದ ಮುಂದೆ ಬಂದಿದ್ದಾನೆ. ಹಾಗಿರುವಾಗ ಆತನ ಸಂಬಳ ನೋಡಿ ಮಗುವಿನ ನೆರವು ತಡೆಯುವುದು ಸರಿಯಲ್ಲ. ಅಮೆರಿಕದಲ್ಲಿ 'ಮಗುವಿಗೆ ಮಾತ್ರ' ಎಂಬ ಒಂದು ಬಗೆಯ ಭತ್ಯೆ ಇದೆ. ಅಜ್ಜಿ ತನಗಾಗಿ ಏನೂ ಕೇಳದೆ ಮೊಮ್ಮಗುವಿಗೆ ಮಾತ್ರ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಅಜ್ಜಿಯ ಆದಾಯ ಲೆಕ್ಕಕ್ಕೆ ಬರುವುದಿಲ್ಲ. ಬ್ರಿಟನ್ನಿನ ಗಾರ್ಡಿಯನ್ ಭತ್ಯೆಯೂ ಹಾಗೆಯೇ. ತಂದೆತಾಯಿ ಇಬ್ಬರೂ ತೀರಿಕೊಂಡ ಮಗುವನ್ನು, ಕೆಲವು ಸಂದರ್ಭದಲ್ಲಿ ಒಬ್ಬರು ತೀರಿಕೊಂಡ ಮಗುವನ್ನು ಸಾಕುವವರಿಗೆ ಆದಾಯ ನೋಡದೆ ಕೊಡುತ್ತಾರೆ. ಆದ್ದರಿಂದ ಎಲ್ಲೇ ಅರ್ಜಿ ಹಾಕಿದರೂ ಮೊದಲು ಕೇಳಬೇಕಾದ ಪ್ರಶ್ನೆ: 'ಯಾರ ಆದಾಯ ನೋಡುತ್ತೀರಿ, ನನ್ನದೋ ಮಗುವಿನದೋ?' ಸುಮ್ನೆ ನಿಮ್ಮ ಸಂಬಳದ ಚೀಟಿ ಕೊಟ್ಟು ಬರಬೇಡಿ.

ಇನ್ನೊಂದು ಎಚ್ಚರಿಕೆ. ಕಾನೂನಿನ ಗಾರ್ಡಿಯನ್ ಆಗಿ, ದತ್ತು ತೆಗೆದುಕೊಳ್ಳಿ ಎಂದು ಸಲಹೆ ಕೊಡುವವರು ಇರುತ್ತಾರೆ. ಮಗುವಿಗೆ ಗಟ್ಟಿ ನೆಲೆ ಸಿಗುತ್ತದೆ, ಒಳ್ಳೆಯದೇ. ಆದರೆ ಫಾಸ್ಟರ್ ಪಾಲಕರಾಗಿದ್ದಾಗ ಬರುತ್ತಿದ್ದ ಹಣ ಗಾರ್ಡಿಯನ್ ಆದ ಮೇಲೆ ಮುಂದುವರಿಯುತ್ತದೆ ಎಂಬ ಖಾತ್ರಿ ಎಲ್ಲ ಕಡೆ ಇಲ್ಲ. ಅಮೆರಿಕದಲ್ಲಿ ಇದಕ್ಕೆ 2008ರಲ್ಲಿ ಒಂದು ಕಾನೂನು ಬಂತು. ಫಾಸ್ಟರ್ ಆಗಿ ಸಾಕಿದ ಬಂಧು ಗಾರ್ಡಿಯನ್ ಆದರೂ ನೆರವು ಕೊಡಲು ರಾಜ್ಯಗಳಿಗೆ ಕೇಂದ್ರದ ಹಣ ಸಿಗುವಂತಾಯಿತು. ಇಂಗ್ಲೆಂಡಿನಲ್ಲಿ 2005ರ ಕೊನೆಯಿಂದ 'ವಿಶೇಷ ಗಾರ್ಡಿಯನ್' ವ್ಯವಸ್ಥೆ ಇದೆ. ಅಲ್ಲಿ ಭತ್ಯೆಯನ್ನು ಕೌನ್ಸಿಲ್ ಮನೆಯ ಸ್ಥಿತಿ ನೋಡಿ ನಿರ್ಧರಿಸುತ್ತದೆ, ವರ್ಷಕ್ಕೊಮ್ಮೆ ಮರುಪರಿಶೀಲಿಸುತ್ತದೆ. ಹಾಗಾಗಿ ಕೋರ್ಟಿನಲ್ಲಿ ಆದೇಶ ಆಗುವ ಮೊದಲೇ ನೆರವಿನ ಮಾತು ಮುಗಿಸಿ, ಬರಹದಲ್ಲಿ ಪಡೆಯಿರಿ. ಆದೇಶ ಆದ ಮೇಲೆ ಕೇಳುವವರ ಕೈ ಬಲಹೀನ.

ಕಾಗದಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮಗುವಿನ ಜನನ ಪ್ರಮಾಣಪತ್ರ, ಹೆತ್ತವರ ಮರಣ ಪ್ರಮಾಣಪತ್ರ ಇಲ್ಲವೇ ಆಸ್ಪತ್ರೆ ಅಥವಾ ಜೈಲಿನ ದಾಖಲೆ, ನಿಮಗೂ ಮಗುವಿಗೂ ಇರುವ ಸಂಬಂಧದ ಪುರಾವೆ, ಮಗು ನಿಮ್ಮ ಮನೆಯಲ್ಲೇ ಇದೆ ಎಂಬುದಕ್ಕೆ ಶಾಲೆಯ ಪತ್ರ, ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ. ಇವುಗಳಲ್ಲಿ ಶಾಲೆಯ ಪತ್ರ ಅಂದುಕೊಂಡದ್ದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ. ಸಂಬಂಧದ ಪುರಾವೆ ಹೊಂದಿಸುವುದು ಕಷ್ಟ, ಅದರಲ್ಲೂ ತಾಯಿಯ ಕಡೆಯವರಿಗೆ, ಹೆಸರುಗಳು ಹೊಂದುವುದಿಲ್ಲ. ಅದನ್ನು ಮೊದಲ ತಿಂಗಳೇ ಶುರು ಮಾಡಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯಿರಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೇಲ್ಮನವಿಗೆ ಎಷ್ಟು ದಿನ ಇದೆ ಎಂದೂ ಅಲ್ಲೇ ಕೇಳಿ.

ದುಡ್ಡು ಕೊಟ್ಟರೆ ಜನ ದುಡ್ಡಿಗಾಗಿಯೇ ಮಕ್ಕಳನ್ನು ಇಟ್ಟುಕೊಳ್ಳುತ್ತಾರೆ ಎಂಬ ವಾದ ಇದೆ. ಕೊಡುವ ಮೊತ್ತ ನೋಡಿದವರು ಹೀಗೆ ಹೇಳಲಾರರು. ಒಂದು ಮಗುವಿನ ಖರ್ಚು ಪೂರ್ತಿ ಭರಿಸುವಷ್ಟು ಕೊಡುವ ಕಡೆಗಳೇ ಕಡಿಮೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ, 27ನೇ ವಿಧಿಯಲ್ಲಿ, ಹೆತ್ತವರಿಗೆ ಮಾತ್ರವಲ್ಲ, 'ಮಗುವಿನ ಹೊಣೆ ಹೊತ್ತ ಇತರರಿಗೂ' ಸರ್ಕಾರಗಳು ನೆರವಾಗಬೇಕು ಎನ್ನುತ್ತದೆ. ಆ ಇತರರು ನೀವೇ. ನೀವು ಕೇಳುತ್ತಿರುವುದು ಮಗುವಿನ ಪಾಲು.

ಸಭಿಕರ ಪ್ರಶ್ನೆಗಳು

'ಅಮ್ಮ ಇದ್ದಾಳೆ, ಆದರೆ ಬಂದು ಹೋಗಿ ಮಾಡುತ್ತಾಳೆ. ಮಗುವಿನ ಹೆಸರಿನ ಭತ್ಯೆ ಅವಳಿಗೇ ಹೋಗುತ್ತಿದೆ. ಏನು ಮಾಡಲಿ?' ಎಂದು ಒಬ್ಬ ಅಜ್ಜಿ ಕೇಳಿದರು. ಇದು ತುಂಬ ಮನೆಗಳ ಸಂಕಟ, ಅಮ್ಮಾ. ಮಗಳ ಮೇಲೆ ದೂರು ಕೊಟ್ಟ ಹಾಗಾಗುತ್ತದೆ ಎಂದು ಸುಮ್ಮನಿದ್ದುಬಿಡುತ್ತಾರೆ. ಮೊದಲು ಮಗಳ ಜತೆಗೇ ಮಾತಾಡಿ. ಹಣವನ್ನು ನಿಮ್ಮ ಹೆಸರಿಗೆ ಬದಲಾಯಿಸಲು ಅವಳೇ ಸಹಿ ಹಾಕಿದರೆ ಕೆಲಸ ಸುಲಭ. ಆಗದಿದ್ದರೆ ಮಗು ನಿಮ್ಮ ಮನೆಯಲ್ಲಿದೆ ಎಂಬ ಶಾಲೆಯ ಪತ್ರ, ಆಸ್ಪತ್ರೆಯ ಚೀಟಿ ಹಿಡಿದು ನೀವೇ ಅರ್ಜಿ ಹಾಕಿ. ಭತ್ಯೆ ಇರುವುದು ಮಗುವನ್ನು ನೋಡಿಕೊಳ್ಳುವವರ ಕೈಗೆ ಸೇರಲಿ ಎಂದು.

'ಮಗುವಿಗೆ ಈ ಹಣದ ವಿಷಯ ಹೇಳಬೇಕಾ?' ಎಂದು ಇನ್ನೊಬ್ಬರು ಕೇಳಿದರು. ಸಣ್ಣ ಮಗುವಿಗೆ ಬೇಡ. 'ನಿನಗಾಗಿ ಖರ್ಚು ಮಾಡುತ್ತಿದ್ದೇವೆ' ಎಂಬ ಮಾತು ಅದರ ಕಿವಿಗೆ ಯಾವತ್ತೂ ಬೀಳಬಾರದು. ಬಂಧುಗಳ ಮನೆಯಲ್ಲಿ ಬೆಳೆಯುವ ಮಕ್ಕಳು ತಾವು ಹೊರೆ ಎಂದು ಬೇಗ ತಿಳಿದುಬಿಡುತ್ತವೆ. ಹದಿನೈದು ಹದಿನಾರು ದಾಟಿದವರಿಗೆ ಹೇಳಿ, ಬ್ಯಾಂಕ್ ಪುಸ್ತಕವನ್ನೂ ತೋರಿಸಿ. ಯಾಕೆಂದರೆ ಈ ಭತ್ಯೆಗಳು ಹೆಚ್ಚಿನ ಕಡೆ 18ಕ್ಕೆ ನಿಲ್ಲುತ್ತವೆ. ಕಾಲೇಜು ಶುರುವಾಗುವ ಹೊತ್ತಿಗೇ ಕೈ ಖಾಲಿಯಾಗುತ್ತದೆ. ಓದು ಮುಂದುವರಿದರೆ ಎಲ್ಲಿಯವರೆಗೆ ಕೊಡುತ್ತೀರಿ, ವಿದ್ಯಾರ್ಥಿವೇತನಕ್ಕೆ ಈ ಮಗು ಯಾವ ವರ್ಗದಲ್ಲಿ ಬರುತ್ತದೆ ಎಂದು 16ಕ್ಕೇ ಕಚೇರಿಯಲ್ಲಿ ಕೇಳಿಡಿ. ಕೇಳಲು ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ. ಮುಂದಿನ ಅರ್ಜಿಗಳನ್ನು ಅವರೇ ತುಂಬಬೇಕಲ್ಲ.